61 ಮೆಗಾಪಿಕ್ಸೆಲ್‌ಗೂ ಸಿಗದ ಹಲ್ಲುಗಳು: ಒಂದು ಚಿಟ್ಟೆ ರೆಕ್ಕೆಯ ಪ್ರಕರಣ

ಚಿಟ್ಟೆಯ ರೆಕ್ಕೆಯ ಒಂದೇ ಭಾಗದ ಎರಡು ಚಿತ್ರಗಳು. ಒಂದನ್ನು 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ತೆಗೆದದ್ದು, ಇನ್ನೊಂದನ್ನು 61 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ. ಎರಡರಲ್ಲೂ ಇರುವುದು 36 ಮಿ.ಮೀ. ಅಗಲದ ಫುಲ್ ಫ್ರೇಮ್ ಸೆನ್ಸರ್. ಲೆನ್ಸ್ ಒಂದೇ, ಬೆಳಕು ಒಂದೇ, ವರ್ಧನೆಯೂ ಒಂದೇ. ಎರಡನ್ನೂ ಸಮ ಗಾತ್ರಕ್ಕೆ ತಂದು ಅಕ್ಕಪಕ್ಕ ಇಟ್ಟರೆ ಯಾವುದು ಯಾವ ಕ್ಯಾಮೆರಾದ್ದು ಎಂದು ಗುರುತಿಸಲು ಆಗುತ್ತಿರಲಿಲ್ಲ. ಎರಡೂವರೆ ಪಟ್ಟು ಹೆಚ್ಚಿದ ಪಿಕ್ಸೆಲ್‌ಗಳು ಏನಾದವು ಎಂಬುದೇ ಈ ಪ್ರಕರಣದ ಪ್ರಶ್ನೆ.

ಚಿತ್ರಗಳನ್ನು ತೆಗೆದವರು ಒಣಗಿಸಿ ಜೋಡಿಸಿಟ್ಟ ಚಿಟ್ಟೆ ಮತ್ತು ಪತಂಗಗಳ ಮಾದರಿಗಳನ್ನು ದಾಖಲಿಸುವ ಕೆಲಸದಲ್ಲಿ ತೊಡಗಿರುವ ಒಬ್ಬ ಛಾಯಾಗ್ರಾಹಕಿ. ಅವರ ಕೈ ಬಲು ನಿಖರ. ಬೆಳಕನ್ನು ಚದುರಿಸುವುದರಲ್ಲಿ, ಮಾದರಿಯನ್ನು ಸೆನ್ಸರ್‌ಗೆ ಸಮಾನಾಂತರವಾಗಿ ನಿಲ್ಲಿಸುವುದರಲ್ಲಿ ಅವರಷ್ಟು ತಾಳ್ಮೆ ಇರುವವರನ್ನು ನಾನು ಕಂಡಿಲ್ಲ. ಚಿಟ್ಟೆಯ ರೆಕ್ಕೆಯ ಮೇಲೆ ಹೆಂಚು ಹೊದಿಸಿದಂತೆ ಸಾಲುಗಟ್ಟಿರುವ ಹುರುಪೆಗಳು ಅವರ ಈ ಬಾರಿಯ ವಿಷಯ. ಒಂದು ಹುರುಪೆ ಸಾಮಾನ್ಯವಾಗಿ 100ರಿಂದ 200 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಉದ್ದ, ಸುಮಾರು ಅದರ ಅರ್ಧದಷ್ಟು ಅಗಲ ಇರುತ್ತದೆ. ಅದರ ತುದಿ ಕೆಲವು ಕಡೆ ದುಂಡಗೆ, ಕೆಲವು ಕಡೆ ಹಲ್ಲುಹಲ್ಲಾಗಿ ಇರುತ್ತದೆ. ಈ ಹಲ್ಲುಗಳ ಆಕಾರ ಸ್ಪಷ್ಟವಾಗಿ ಕಾಣಬೇಕೆಂಬುದು ಅವರ ಮೊದಲ ಅಪೇಕ್ಷೆ. ಹುರುಪೆಯ ಉದ್ದಕ್ಕೂ ಹರಿಯುವ ಅತಿ ಸಣ್ಣ ಏಣುಗಳೂ ಕಂಡರೆ ಇನ್ನೂ ಒಳ್ಳೆಯದು ಎಂಬುದು ಎರಡನೆಯದು.

ಹಳೆಯ ಕ್ಯಾಮೆರಾದಲ್ಲಿ ಹುರುಪೆಗಳ ಸಾಲು ಚೆನ್ನಾಗಿ ಕಾಣುತ್ತಿತ್ತು, ಹಲ್ಲುಗಳು ಮಾತ್ರ ಮೆತ್ತಗಾಗಿ ಕರಗುತ್ತಿದ್ದವು. ಪಿಕ್ಸೆಲ್ ಸಾಲದೆಂದು ಭಾವಿಸಿ ಹೊಸ ಕ್ಯಾಮೆರಾ ತಂದರು. ಅದರಲ್ಲೂ ಹಲ್ಲುಗಳು ಅಷ್ಟೇ ಮೆತ್ತಗೆ. ಬಲ್ಲವರು ಅನೇಕರು ಒಂದೇ ಉತ್ತರ ಕೊಟ್ಟಿದ್ದರು: ಇಷ್ಟು ಸಣ್ಣ ಪಿಕ್ಸೆಲ್‌ಗೆ ಈ ಲೆನ್ಸ್ ಸಾಲದು, ಲೆನ್ಸ್ ಬದಲಿಸಿ. ಛಾಯಾಗ್ರಾಹಕಿ ಬಳಸುತ್ತಿದ್ದುದು 2:1ರವರೆಗೆ, ಅಂದರೆ ವಸ್ತುವನ್ನು ಸೆನ್ಸರ್ ಮೇಲೆ ಅದರ ಎರಡರಷ್ಟು ಗಾತ್ರದಲ್ಲಿ ಮೂಡಿಸುವವರೆಗೆ, ಹೋಗುವ 100 ಮಿ.ಮೀ. ಮ್ಯಾಕ್ರೊ ಲೆನ್ಸ್. ಅದನ್ನು ಮಾರಿ ಬೇರೆಯದನ್ನು ಕೊಳ್ಳುವ ಮುನ್ನ ಒಮ್ಮೆ ನೋಡಬೇಕೆಂದು ನನ್ನನ್ನು ಕೇಳಿದರು.

ಚಿತ್ರಗಳ ಮಾಹಿತಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಎಫ್/11. ಎಫ್ ಸಂಖ್ಯೆ ಲೆನ್ಸ್‌ನೊಳಗೆ ಬೆಳಕು ಹಾಯುವ ಕಿಂಡಿಯ, ಅಂದರೆ ಅಪರ್ಚರ್‌ನ, ಅಳತೆ. ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು.

ತೆರೆಯ ಮೇಲಿನ ಎಫ್/11, ಸೆನ್ಸರ್ ಕಾಣುವ ಎಫ್/33

ದೂರದ ದೃಶ್ಯಗಳನ್ನು ತೆಗೆದು ರೂಢಿಯಾದವರಿಗೆ ಎಫ್/11 ಹಾನಿಯಿಲ್ಲದ ಸಂಖ್ಯೆ. ಮ್ಯಾಕ್ರೊದಲ್ಲಿ ಹಾಗಲ್ಲ. ವಸ್ತು ಹತ್ತಿರ ಬಂದಂತೆ ಲೆನ್ಸ್‌ನಿಂದ ಬಿಂಬದವರೆಗಿನ ದೂರ ಹೆಚ್ಚುತ್ತದೆ, ಸೆನ್ಸರ್‌ಗೆ ಬಂದು ಸೇರುವ ಬೆಳಕಿನ ಶಂಕು ಕಿರಿದಾಗುತ್ತದೆ. ಈ ಕಿರಿದಾದ ಶಂಕುವಿಗೆ ತಕ್ಕ ಎಫ್ ಸಂಖ್ಯೆಯೇ ಪರಿಣಾಮಕಾರಿ ಎಫ್ ಸಂಖ್ಯೆ. ವರ್ಧನೆಗೆ ಒಂದನ್ನು ಕೂಡಿಸಿ, ಬಂದದ್ದನ್ನು ಲೆನ್ಸ್‌ನ ಎಫ್ ಸಂಖ್ಯೆಯಿಂದ ಗುಣಿಸಿದರೆ ಅದು ಸಿಗುತ್ತದೆ. 1:1ರಲ್ಲಿ ಎಫ್/11 ಎಂದರೆ ಎಫ್/22. 2:1ರಲ್ಲಿ ಅದೇ ಎಫ್/11 ಎಂದರೆ ಎಫ್/33.

ಈ ಸೂತ್ರ ಸಮಮಿತಿಯ ಲೆನ್ಸ್‌ಗಳಿಗೆ ಕರಾರುವಾಕ್ಕಾಗಿ ಹೊಂದುತ್ತದೆ. ಇಂದಿನ ಮ್ಯಾಕ್ರೊ ಲೆನ್ಸ್‌ಗಳಲ್ಲಿ ಒಳಗಿನ ಗಾಜುಗಳು ಸರಿದು ಫೋಕಸ್ ಆಗುವುದರಿಂದ ಉತ್ತರ ಸ್ವಲ್ಪ ಆಚೀಚೆ ಆಗುತ್ತದೆ. ಹಾಗಾಗಿ ಸೂತ್ರವನ್ನು ಕುರುಡಾಗಿ ನಂಬದೆ ಅಳೆದೇ ನೋಡಿದೆವು. ಒಂದೇ ಸಮನಾಗಿ ಬೆಳಗಿದ ಬಿಳಿ ಹಾಳೆಯನ್ನು ಲೆನ್ಸ್ ಅನಂತಕ್ಕೆ ಫೋಕಸ್ ಆಗಿದ್ದಾಗ ಒಮ್ಮೆ, 2:1ಕ್ಕೆ ತಿರುಗಿಸಿ ಮತ್ತೊಮ್ಮೆ ತೆಗೆದು, ಬೆಳಕು ಎಷ್ಟು ಸ್ಟಾಪ್ ತಗ್ಗಿತು (ಒಂದು ಸ್ಟಾಪ್ ತಗ್ಗಿದರೆ ಬೆಳಕು ಅರ್ಧ) ಎಂದು ನೋಡುವುದು ಸುಲಭದ ಪರೀಕ್ಷೆ. ಎಫ್ ಸಂಖ್ಯೆ ಮೂರು ಪಟ್ಟಾದರೆ ಬೆಳಕು ಒಂಬತ್ತರಲ್ಲಿ ಒಂದು ಭಾಗಕ್ಕೆ ಇಳಿಯಬೇಕು, ಅಂದರೆ ಮೂರು ಸ್ಟಾಪ್‌ಗಿಂತ ಕೊಂಚ ಹೆಚ್ಚು. ನಮಗೆ ಸಿಕ್ಕಿದ್ದು ಅದಕ್ಕೆ ತೀರ ಹತ್ತಿರವೇ ಇತ್ತು. ಮುಂದಿನ ಲೆಕ್ಕಕ್ಕೆಲ್ಲ ಸರಳ ಸೂತ್ರವನ್ನೇ ಇಟ್ಟುಕೊಂಡೆವು.

ಇಲ್ಲೊಂದು ಎಚ್ಚರಿಕೆ ಅಗತ್ಯ. ನಿಕಾನ್ ಕ್ಯಾಮೆರಾದಲ್ಲಿ ಅದೇ ಕಂಪನಿಯ ಮ್ಯಾಕ್ರೊ ಲೆನ್ಸ್ ಹಾಕಿದರೆ ತೆರೆಯ ಮೇಲೆ ಪರಿಣಾಮಕಾರಿ ಸಂಖ್ಯೆಯೇ ಕಾಣುತ್ತದೆ. ಹತ್ತಿರ ಹೋದಂತೆ ಗರಿಷ್ಠ ಅಪರ್ಚರ್‌ನ ಸಂಖ್ಯೆ ತಾನಾಗಿಯೇ ಏರುತ್ತದೆ. ಬೇರೆ ಹಲವು ಕ್ಯಾಮೆರಾಗಳಲ್ಲಿ ಲೆನ್ಸ್‌ನ ಮೇಲೆ ಕೆತ್ತಿದ ಸಂಖ್ಯೆಯೇ ಕೊನೆಯವರೆಗೂ ಉಳಿಯುತ್ತದೆ. ಇಬ್ಬರು ಕುಳಿತು ‘ನಾನು ಎಫ್/11 ಬಳಸುತ್ತೇನೆ’ ಎಂದು ಹೇಳಿಕೊಂಡರೆ ಅವರಿಬ್ಬರೂ ಒಂದೇ ವಿಷಯ ಹೇಳುತ್ತಿರಬೇಕೆಂದಿಲ್ಲ. ಮ್ಯಾಕ್ರೊ ಚರ್ಚೆಗಳಲ್ಲಿ ಹುಟ್ಟುವ ಅರ್ಧಕ್ಕರ್ಧ ವಾದಗಳಿಗೆ ಇದೇ ಮೂಲ ಎಂದು ನನಗೆ ಅನ್ನಿಸುತ್ತದೆ.

ಎಫ್/33 ಎಂದರೆ ಏನಾಗುತ್ತದೆ? ಎಷ್ಟೇ ಪರಿಪೂರ್ಣ ಲೆನ್ಸ್ ಆದರೂ ಒಂದು ಬಿಂದುವನ್ನು ಬಿಂದುವಾಗಿ ಮೂಡಿಸುವುದಿಲ್ಲ. ಕಿಂಡಿಯನ್ನು ಹಾಯುವಾಗ ಬೆಳಕು ಅಗಲಿಸಿಕೊಳ್ಳುವ ವಿವರ್ತನೆಯಿಂದ ಅದು ಸಣ್ಣ ತಟ್ಟೆಯಾಗಿ ಹರಡುತ್ತದೆ. ಜಾರ್ಜ್ ಏರಿ 1835ರಲ್ಲಿ ಲೆಕ್ಕ ಹಾಕಿ ತೋರಿಸಿದ ಈ ತಟ್ಟೆಯ ವ್ಯಾಸ, ಬೆಳಕಿನ ತರಂಗಾಂತರವನ್ನು ಎಫ್ ಸಂಖ್ಯೆಯಿಂದ ಗುಣಿಸಿ ಮತ್ತೆ 2.44ರಿಂದ ಗುಣಿಸಿದಷ್ಟು. ಹಸಿರು ಬೆಳಕಿಗೆ 0.55 ಮೈಕ್ರಾನ್ ಎಂದಿಟ್ಟುಕೊಂಡರೆ ಎಫ್/33ರಲ್ಲಿ ತಟ್ಟೆ 44 ಮೈಕ್ರಾನ್ ಅಗಲವಾಗುತ್ತದೆ. 24 ಮೆಗಾಪಿಕ್ಸೆಲ್ ಸೆನ್ಸರ್‌ನ ಪಿಕ್ಸೆಲ್ ಅಗಲ ಸುಮಾರು 6 ಮೈಕ್ರಾನ್, 61 ಮೆಗಾಪಿಕ್ಸೆಲ್‌ನದು 3.76 ಮೈಕ್ರಾನ್. ಒಂದೇ ಬಿಂದುವಿನ ಬೆಳಕು ಹಳೆಯ ಸೆನ್ಸರ್‌ನಲ್ಲಿ ಏಳು ಪಿಕ್ಸೆಲ್ ಅಗಲಕ್ಕೆ, ಹೊಸದರಲ್ಲಿ ಹನ್ನೆರಡು ಪಿಕ್ಸೆಲ್ ಅಗಲಕ್ಕೆ ಚೆಲ್ಲುತ್ತಿತ್ತು. ಅದೇ ಮಸುಕನ್ನು ಹೊಸ ಕ್ಯಾಮೆರಾ ಹೆಚ್ಚು ನಯವಾಗಿ ದಾಖಲಿಸುತ್ತಿತ್ತು, ಅಷ್ಟೇ.

ತಟ್ಟೆಯ ವ್ಯಾಸವನ್ನು ಪಿಕ್ಸೆಲ್ ಅಗಲದೊಂದಿಗೆ ನೇರವಾಗಿ ಹೋಲಿಸಿ ತೀರ್ಪು ಕೊಡುವ ರೂಢಿ ಇದೆ. ಅದು ದಾರಿ ತಪ್ಪಿಸುತ್ತದೆ. ತಟ್ಟೆಯ ಬೆಳಕು ನಡುವೆ ದಟ್ಟವಾಗಿ, ಅಂಚಿಗೆ ಹೋದಂತೆ ತೀರ ತೆಳುವಾಗಿ ಇರುವುದರಿಂದ ತಟ್ಟೆ ಎರಡು ಮೂರು ಪಿಕ್ಸೆಲ್ ಅಗಲವಾದ ಮಾತ್ರಕ್ಕೆ ವಿವರ ಕಳೆದುಹೋಗುವುದಿಲ್ಲ. ಗೆರೆಜೋಡಿಗಳ ಲೆಕ್ಕವೇ ಹೆಚ್ಚು ಪ್ರಾಮಾಣಿಕವಾದದ್ದು. ಒಂದು ಕಪ್ಪು ಗೆರೆ ಮತ್ತು ಅದರ ಪಕ್ಕದ ಒಂದು ಬಿಳಿ ಗೆರೆ ಸೇರಿ ಒಂದು ಜೋಡಿ. ಎಫ್/33ರಲ್ಲಿ ವಿವರ್ತನೆಯ ಕಟ್ಟಕಡೆಯ ಮಿತಿ ಮಿಲಿಮೀಟರಿಗೆ 55 ಜೋಡಿ. ಅದರಾಚೆ ಬೆಳಕಿನಲ್ಲಿ ವಿವರವೇ ಇರುವುದಿಲ್ಲ, ಬರೀ ಬೂದು. ಒಂದು ಜೋಡಿಗೆ ಕನಿಷ್ಠ ಎರಡು ಪಿಕ್ಸೆಲ್ ಬೇಕೆಂಬ ನೈಕ್ವಿಸ್ಟ್ ಲೆಕ್ಕದಂತೆ ಹಳೆಯ ಸೆನ್ಸರ್ 84 ಜೋಡಿ ಹಿಡಿಯಬಲ್ಲದು, ಹೊಸದು 133. ಹಳೆಯ ಸೆನ್ಸರ್‌ಗೇ ಕೆಲಸ ಕಡಿಮೆ ಬಿದ್ದಿತ್ತು.

ಎಣಿಸಬೇಕಾದದ್ದು ವಸ್ತುವಿನ ಮೇಲೆ

‘ಈ ಲೆನ್ಸ್ ಈ ಸೆನ್ಸರ್‌ಗೆ ಸಾಕೇ’ ಎಂಬ ಪ್ರಶ್ನೆಯನ್ನೇ ಮ್ಯಾಕ್ರೊ ಮಾಡುವವರು ಕೈಬಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಪ್ರಶ್ನೆ ಲೆನ್ಸ್‌ಗೂ ಸೆನ್ಸರ್‌ಗೂ ಪಂದ್ಯ ಏರ್ಪಡಿಸಿ ಯಾರೋ ಒಬ್ಬರು ಗೆಲ್ಲಬೇಕು ಎಂದು ಬಯಸುತ್ತದೆ. ನಿಜದಲ್ಲಿ ಪಂದ್ಯವೇ ಇಲ್ಲ. ಲೆನ್ಸ್ ವಿವರದ ಕಾಂಟ್ರಾಸ್ಟ್ ಅನ್ನು (ಕಪ್ಪು ಬಿಳುಪುಗಳ ನಡುವಿನ ವ್ಯತ್ಯಾಸವನ್ನು) ಒಂದಿಷ್ಟು ತಗ್ಗಿಸುತ್ತದೆ, ಪಿಕ್ಸೆಲ್ ಇನ್ನೊಂದಿಷ್ಟು ತಗ್ಗಿಸುತ್ತದೆ, ಎರಡರ ಗುಣಲಬ್ಧ ನಮ್ಮ ಕೈಗೆ ಬರುತ್ತದೆ. ಯಾವುದು ಉತ್ತಮಗೊಂಡರೂ ಚಿತ್ರ ಸ್ವಲ್ಪ ಉತ್ತಮಗೊಳ್ಳುತ್ತದೆ. ಎಷ್ಟು ಉತ್ತಮಗೊಳ್ಳುತ್ತದೆ ಎಂಬುದೇ ಮುಖ್ಯ. ಅದಕ್ಕೆ ಉತ್ತರ ಬೇಕಾದರೆ ವಸ್ತುವಿನ ಮೇಲೆ ಎಷ್ಟು ಮೈಕ್ರಾನ್ ವಿವರ ಬೇಕು ಎಂಬಲ್ಲಿಂದ ಲೆಕ್ಕ ಶುರುವಾಗಬೇಕು.

ಸೂಕ್ಷ್ಮದರ್ಶಕ ಬಳಸುವವರು ಹೀಗೆಯೇ ಎಣಿಸುತ್ತಾರೆ. ಅರ್ನ್ಸ್ಟ್ ಅಬ್ಬೆ 1873ರಲ್ಲಿ ಮುಂದಿಟ್ಟ ಮಿತಿಯಲ್ಲಿ ವರ್ಧನೆಯ ಮಾತೇ ಇಲ್ಲ. ಬೆಳಕಿನ ತರಂಗಾಂತರ ಒಂದು, ವಸ್ತುವಿನಿಂದ ಹೊರಟ ಬೆಳಕನ್ನು ಲೆನ್ಸ್ ಎಷ್ಟು ಅಗಲದ ಶಂಕುವಿನಲ್ಲಿ ಹಿಡಿದುಕೊಳ್ಳುತ್ತದೆ ಎಂಬ ನ್ಯೂಮರಿಕಲ್ ಅಪರ್ಚರ್ ಇನ್ನೊಂದು. ತರಂಗಾಂತರವನ್ನು ನ್ಯೂಮರಿಕಲ್ ಅಪರ್ಚರ್‌ನ ಎರಡರಷ್ಟರಿಂದ ಭಾಗಿಸಿದರೆ ಬಿಡಿಸಿ ತೋರಬಹುದಾದ ಅತಿ ಸಣ್ಣ ಗೆರೆಜೋಡಿಯ ಅಗಲ ಸಿಗುತ್ತದೆ. ಛಾಯಾಗ್ರಾಹಕರ ಭಾಷೆಯಲ್ಲಿ ಇದನ್ನೇ ಹೀಗೆ ಹೇಳಬಹುದು: ತರಂಗಾಂತರವನ್ನು ಪರಿಣಾಮಕಾರಿ ಎಫ್ ಸಂಖ್ಯೆಯಿಂದ ಗುಣಿಸಿ ವರ್ಧನೆಯಿಂದ ಭಾಗಿಸಿ.

2:1ರಲ್ಲಿ ನಮ್ಮ ಲೆನ್ಸ್‌ನ ಲೆಕ್ಕ ಹೀಗೆ ಬಂತು. ಎಫ್/11ರಲ್ಲಿ ವಸ್ತುವಿನ ಮೇಲಿನ ಮಿತಿ 9.1 ಮೈಕ್ರಾನ್, ಎಫ್/8ರಲ್ಲಿ 6.6, ಎಫ್/5.6ರಲ್ಲಿ 4.6, ಎಫ್/4ರಲ್ಲಿ 3.3. ಇದು ಕಾಂಟ್ರಾಸ್ಟ್ ಸೊನ್ನೆಯಾಗುವ ಗಡಿ ಎಂಬುದು ನೆನಪಿರಲಿ. ಕಣ್ಣಿಗೆ ನೆಮ್ಮದಿಯಾಗಿ ಕಾಣಬೇಕಾದರೆ ವಿವರ ಇದರ ಎರಡರಷ್ಟಾದರೂ ದೊಡ್ಡದಿರಬೇಕು. ಆಗಲೂ ಸಿಗುವುದು ಮೂಲದ ಸುಮಾರು 39 ಶೇಕಡಾ ಕಾಂಟ್ರಾಸ್ಟ್. ಹುರುಪೆಯ ಹಲ್ಲುಗಳ ನಡುವಿನ ಅಂತರ 10 ಮೈಕ್ರಾನ್ ಆಸುಪಾಸು. ಎಫ್/11ರಲ್ಲಿ ಅವು ಸರಿಯಾಗಿ ಗಡಿಯ ಮೇಲೆಯೇ ನಿಂತಿದ್ದವು.

ಪರೀಕ್ಷೆ

ಚಿಟ್ಟೆಯ ರೆಕ್ಕೆಯ ಮೇಲೆ ಪರೀಕ್ಷೆ ಮಾಡಿದರೆ ಪ್ರತಿಯೊಬ್ಬರೂ ತಾವು ನೋಡಬಯಸಿದ್ದನ್ನೇ ನೋಡುತ್ತಾರೆ. ಆದ್ದರಿಂದ ಗಾಜಿನ ಮೇಲೆ ಕ್ರೋಮಿಯಂ ಗೆರೆಗಳಿರುವ 1951ರ ಅಮೆರಿಕದ ವಾಯುಪಡೆ ಮಾದರಿಯ ಪರೀಕ್ಷಾ ಫಲಕವನ್ನು ತರಿಸಿಕೊಂಡೆವು. ಅದರಲ್ಲಿ ಮೂರು ಮೂರು ಗೆರೆಗಳ ಗುಂಪುಗಳು ಹಂತ ಹಂತವಾಗಿ ಸಣ್ಣದಾಗುತ್ತ ಹೋಗುತ್ತವೆ. ಆರನೆಯ ಗುಂಪಿನ ಐದನೆಯ ಅಂಶದಲ್ಲಿ ಮಿಲಿಮೀಟರಿಗೆ ಸುಮಾರು 102 ಜೋಡಿ, ಅಂದರೆ ಒಂದು ಜೋಡಿ ಹೆಚ್ಚುಕಡಿಮೆ 10 ಮೈಕ್ರಾನ್. ನಮ್ಮ ಹಲ್ಲುಗಳಿಗೆ ಅದೇ ಪ್ರತಿನಿಧಿ. ಏಳನೆಯ ಗುಂಪಿನ ಐದನೆಯ ಅಂಶದಲ್ಲಿ 203 ಜೋಡಿ, ಅಂದರೆ ಸುಮಾರು 5 ಮೈಕ್ರಾನ್.

ಹೋಲಿಕೆಯ ವಿಧಾನದ ಬಗ್ಗೆ ಎರಡು ಮಾತು ಹೇಳಲೇಬೇಕು. ಎರಡೂ ಚಿತ್ರಗಳನ್ನು ನೂರು ಶೇಕಡಾ ಹಿಗ್ಗಿಸಿ ನೋಡುವುದು ಸರಿಯಲ್ಲ. ಹಾಗೆ ನೋಡಿದರೆ 61 ಮೆಗಾಪಿಕ್ಸೆಲ್ ಚಿತ್ರ ಯಾವಾಗಲೂ ಮೆತ್ತಗೆ ಕಾಣುತ್ತದೆ, ಏಕೆಂದರೆ ಅದನ್ನು ಇನ್ನೂ ಹತ್ತಿರದಿಂದ ನೋಡುತ್ತಿರುತ್ತೇವೆ. ಹೊಸ ಕ್ಯಾಮೆರಾ ಕೊಂಡ ಎಷ್ಟೋ ಜನ ಮೊದಲ ವಾರ ನಿರಾಶರಾಗುವುದು ಇದರಿಂದಲೇ. ವಸ್ತುವಿನ ಒಂದು ಮಿಲಿಮೀಟರ್ ಎರಡೂ ಚಿತ್ರಗಳಲ್ಲಿ ತೆರೆಯ ಮೇಲೆ ಒಂದೇ ಉದ್ದಕ್ಕೆ ಬರುವಂತೆ ಸಣ್ಣ ಚಿತ್ರವನ್ನು ಹಿಗ್ಗಿಸಿ ಹೋಲಿಸಬೇಕು. ಶಾರ್ಪನಿಂಗ್ ಪೂರ್ತಿ ನಿಲ್ಲಿಸಿ ಮೊದಲ ತೀರ್ಪು, ಅವರವರ ರುಚಿಗೆ ತಕ್ಕಂತೆ ಶಾರ್ಪ್ ಮಾಡಿ ಎರಡನೆಯ ತೀರ್ಪು ಎಂದು ನಿಗದಿ ಮಾಡಿಕೊಂಡೆವು.

ಎಫ್/11ರಲ್ಲಿ 10 ಮೈಕ್ರಾನ್ ಗೆರೆಗಳು ಎರಡೂ ಕ್ಯಾಮೆರಾಗಳಲ್ಲಿ ಬೂದು ಚೌಕವಾಗಿ ಕಂಡವು. ಲೆಕ್ಕವೂ ಹಾಗೆಯೇ ಹೇಳುತ್ತದೆ: ಉಳಿಯಬೇಕಾದ ಕಾಂಟ್ರಾಸ್ಟ್ ಎರಡರಲ್ಲೂ 3 ಶೇಕಡಾ ಆಸುಪಾಸು. ಎಫ್/8ಕ್ಕೆ ಬಂದಾಗ ಗೆರೆಗಳು ಬೇರೆಯಾದವು, ಆದರೆ ಮಂಕಾಗಿ. ಹಳೆಯ ಸೆನ್ಸರ್‌ಗೆ ಲೆಕ್ಕದ ಪ್ರಕಾರ 19 ಶೇಕಡಾ, ಹೊಸದಕ್ಕೆ 21. ಈ ಎರಡು ಶೇಕಡಾ ವ್ಯತ್ಯಾಸವನ್ನು ಕಣ್ಣು ಗುರುತಿಸಲಿಲ್ಲ. ಎಫ್/4ಕ್ಕೆ ಬಂದಾಗ ಗೆರೆಗಳು ಒಮ್ಮೆಲೇ ಗಟ್ಟಿಯಾಗಿ ಎದ್ದು ನಿಂತವು. ಲೆಕ್ಕದಲ್ಲಿ ಹಳೆಯದಕ್ಕೆ 50 ಶೇಕಡಾ, ಹೊಸದಕ್ಕೆ 55. ಛಾಯಾಗ್ರಾಹಕಿ ತೆರೆಯ ಹತ್ತಿರ ಬಾಗಿ ಬಹಳ ಹೊತ್ತು ನೋಡಿ, “ಇದು ನನ್ನದೇ ಲೆನ್ಸೇ?” ಎಂದು ಕೇಳಿದರು.

ಈ ಅಂಕಿಗಳು ದೋಷವೇ ಇಲ್ಲದ ಲೆನ್ಸ್‌ನವು. ಅವರ ಲೆನ್ಸ್ ಚಿತ್ರದ ನಡುವೆ ಎಫ್/4ರಲ್ಲಿ ಈ ಆದರ್ಶಕ್ಕಿಂತ ಸ್ವಲ್ಪವೇ ಕೆಳಗಿತ್ತು. ಎಫ್/2.8ರಲ್ಲಿ ವಿವರ್ತನೆಯ ಮಿತಿ ಇನ್ನೂ ದೂರ ಸರಿಯಬೇಕಿತ್ತಾದರೂ ಲೆನ್ಸ್‌ನ ಸ್ವಂತ ದೋಷಗಳು ಮುಂದೆ ಬಂದು ಗೆರೆಗಳ ಸುತ್ತ ತೆಳುವಾದ ಮಂಜು ಕಟ್ಟಿತು. ಮೂಲೆಗಳಿಗೆ ಎಫ್/5.6 ವಾಸಿ. ಯಾವ ಮ್ಯಾಕ್ರೊ ಲೆನ್ಸ್‌ನಲ್ಲಾದರೂ ಹೀಗೊಂದು ಅತ್ಯುತ್ತಮ ಬಿಂದು ಇರುತ್ತದೆ. ಅದು ಜನ ಊಹಿಸುವುದಕ್ಕಿಂತ ಬಹಳ ತೆರೆದ ಅಪರ್ಚರ್‌ನಲ್ಲಿರುತ್ತದೆ. ವರ್ಧನೆ ಹೆಚ್ಚಿದಂತೆ ಅದು ಇನ್ನೂ ತೆರೆದ ಕಡೆಗೇ ಸರಿಯುತ್ತದೆ.

ಇನ್ನು 5 ಮೈಕ್ರಾನ್ ಗೆರೆಗಳು. ಎಫ್/8ರಲ್ಲಿ ಯಾವ ಕ್ಯಾಮೆರಾಕ್ಕೂ ಅವು ಸಿಗುವ ಪ್ರಶ್ನೆಯೇ ಇರಲಿಲ್ಲ, ಮಿತಿ 6.6 ಮೈಕ್ರಾನ್ ತಾನೇ. ಎಫ್/4ರಲ್ಲಿ ಹೊಸ ಕ್ಯಾಮೆರಾ ಮೂರೂ ಗೆರೆಗಳನ್ನು ಬಿಡಿಸಿ ತೋರಿಸಿತು, ಮಂಕಾಗಿಯಾದರೂ ಎಣಿಸಲು ಬರುವಂತೆ. ಲೆಕ್ಕದಲ್ಲಿ ಉಳಿಯಬೇಕಾದ ಕಾಂಟ್ರಾಸ್ಟ್ 18 ಶೇಕಡಾ. ಹಳೆಯ ಕ್ಯಾಮೆರಾದಲ್ಲಿ ಅದೇ ಜಾಗದಲ್ಲಿ ಮೂರರ ಬದಲು ಎರಡು ಗೆರೆಗಳು ಕಂಡವು. ಸೆನ್ಸರ್ ಮೇಲೆ ಆ ಗೆರೆಗಳು ಮಿಲಿಮೀಟರಿಗೆ 102 ಜೋಡಿಯಾಗಿ ಬೀಳುತ್ತವೆ, ಹಳೆಯದರ ಮಿತಿ 84. ಹಿಡಿಯಲಾರದ ವಿವರವನ್ನು ಸೆನ್ಸರ್ ಬಿಟ್ಟುಬಿಡುವುದಿಲ್ಲ, ಸುಳ್ಳು ವಿವರವಾಗಿ ಬದಲಿಸಿ ಕೊಡುತ್ತದೆ. ದಾಖಲೆಯ ಕೆಲಸದಲ್ಲಿ ಇದು ಮಸುಕಿಗಿಂತ ಅಪಾಯಕಾರಿ. ಮಸುಕಾದದ್ದನ್ನು ಯಾರೂ ನಂಬುವುದಿಲ್ಲ, ಸ್ಪಷ್ಟವಾಗಿ ಕಂಡ ಎರಡು ಗೆರೆಗಳನ್ನು ನಂಬಿಬಿಡುತ್ತಾರೆ.

ಸಣ್ಣ ಪಿಕ್ಸೆಲ್‌ನ ನಿಜವಾದ ಲಾಭ ಇಲ್ಲಿ ಕಾಣಿಸಿತು. ಅದನ್ನು ಪಡೆಯುವ ಬೀಗದ ಕೈ ಅಪರ್ಚರ್ ಆಗಿತ್ತು. ವಿವರ್ತನೆಯ ಮಿತಿ ಮತ್ತು ಪಿಕ್ಸೆಲ್ ಮಿತಿ ಎರಡೂ ಒಂದೇ ಆಗುವ ಎಫ್ ಸಂಖ್ಯೆ, ಪಿಕ್ಸೆಲ್ ಅಗಲದ ಎರಡರಷ್ಟನ್ನು ತರಂಗಾಂತರದಿಂದ ಭಾಗಿಸಿದಷ್ಟು. 6 ಮೈಕ್ರಾನ್‌ಗೆ ಅದು ಸುಮಾರು 22, 3.76 ಮೈಕ್ರಾನ್‌ಗೆ ಸುಮಾರು 14. ಎರಡೂ ಪರಿಣಾಮಕಾರಿ ಸಂಖ್ಯೆಗಳು. 2:1ರಲ್ಲಿ ಮೂರರಿಂದ ಭಾಗಿಸಿದರೆ ಲೆನ್ಸ್ ಮೇಲೆ ಓದುವ ಸಂಖ್ಯೆ ಹಳೆಯದಕ್ಕೆ ಎಫ್/7ರ ಹತ್ತಿರ, ಹೊಸದಕ್ಕೆ ಎಫ್/4.5ರ ಹತ್ತಿರ. ಎಫ್/8 ದಾಟಿ ಮುಚ್ಚಿದರೆ ಹೊಸ ಕ್ಯಾಮೆರಾ ಹಳೆಯದಕ್ಕಿಂತ ಹೊಸ ವಿವರವೇನನ್ನೂ ತರಲಾರದು.

ಆಳ ಮತ್ತು ಅಲುಗಾಟ

ಅವರು ಎಫ್/11 ಬಳಸುತ್ತಿದ್ದುದಕ್ಕೆ ಕಾರಣವಿತ್ತು. ಒಣಗಿದ ರೆಕ್ಕೆ ಚಪ್ಪಟೆಯಾಗಿರುವುದಿಲ್ಲ. 2:1ರಲ್ಲಿ ಚೌಕಟ್ಟಿಗೆ ಬರುವ 18 ಮಿ.ಮೀ. ಅಗಲದೊಳಗೆ ನಾಳಗಳ ಉಬ್ಬು, ಪೊರೆಯ ತಗ್ಗು ಸೇರಿ ಒಂದೂವರೆ ಮಿಲಿಮೀಟರ್ ಏರಿಳಿತ ಇತ್ತು. ವಿವರ್ತನೆಯ ಲೆಕ್ಕದಿಂದ ಸ್ಪಷ್ಟತೆಯ ಆಳ (ಒಂದೇ ಫೋಕಸ್‌ನಲ್ಲಿ ಸ್ಪಷ್ಟವಾಗಿ ಬರುವ ದಪ್ಪ) ಎಫ್/11ರಲ್ಲಿ 0.6 ಮಿ.ಮೀ., ಎಫ್/4ರಲ್ಲಿ ಬರೀ 0.08 ಮಿ.ಮೀ. ಎಫ್ ಸಂಖ್ಯೆ ಅರ್ಧವಾದರೆ ಬಿಡಿಸಿ ತೋರುವ ಶಕ್ತಿ ಎರಡು ಪಟ್ಟಾಗುತ್ತದೆ, ಆಳ ಮಾತ್ರ ನಾಲ್ಕರಲ್ಲಿ ಒಂದಕ್ಕೆ ಕುಸಿಯುತ್ತದೆ. ಈ ವಿನಿಮಯದಿಂದ ಯಾವ ಲೆನ್ಸೂ ಯಾವ ಸೆನ್ಸರೂ ತಪ್ಪಿಸಿಕೊಳ್ಳಲಾರದು. ಚಲಿಸುವ ಜೀವಂತ ಕೀಟವನ್ನು ಒಂದೇ ಹೊಡೆತದಲ್ಲಿ ತೆಗೆಯುವವರು ಎಫ್/8 ಅಥವಾ ಎಫ್/11ರಲ್ಲೇ ಉಳಿಯುವುದು ಸರಿಯಾದ ಆಯ್ಕೆ. ಅವರಿಗೆ ಆಳವೇ ವಿವರ. ಅಂಥವರು ಪಿಕ್ಸೆಲ್ ಎಣಿಕೆಯನ್ನು ಮರೆತು ಬೆಳಕಿನ ಕಡೆ ಗಮನ ಕೊಡಲಿ ಎಂದೇ ನಾನು ಹೇಳುತ್ತೇನೆ.

ಆದರೆ ಇಲ್ಲಿನ ಮಾದರಿ ಅಲುಗಾಡುವುದಿಲ್ಲ. ಫೋಕಸ್ ಸ್ವಲ್ಪ ಸ್ವಲ್ಪವೇ ಸರಿಸುತ್ತ ತೆಗೆದ ಹಲವು ಚಿತ್ರಗಳನ್ನು ಒಂದಾಗಿ ಸಂಯೋಜಿಸುವ ಫೋಕಸ್ ಸ್ಟ್ಯಾಕಿಂಗ್ ಅವರಿಗೆ ಮೊದಲೇ ಗೊತ್ತಿದ್ದ ವಿದ್ಯೆ, ಹಂತಗಳು ಮಾತ್ರ ದೊಡ್ಡದಿದ್ದವು. ಎಫ್/4ಕ್ಕೆ 60 ಮೈಕ್ರಾನ್ ಹಂತ ಇಟ್ಟರೆ ಒಂದೂವರೆ ಮಿಲಿಮೀಟರಿಗೆ 25 ಚಿತ್ರಗಳು ಸಾಕು.

ಮೊದಲ ಸ್ಟ್ಯಾಕ್ ಕೆಟ್ಟಿತು. ಹೊಸ ಕ್ಯಾಮೆರಾದ ಕೆಲವು ಚಿತ್ರಗಳಲ್ಲಿ ಪ್ರತಿ ಅಂಚಿಗೂ ಒಂದು ಜೋಡಿ ಅಂಚು ಕಾಣುತ್ತಿತ್ತು. ವಸ್ತು ಎರಡು ಮೈಕ್ರಾನ್ ಅಲುಗಿದರೆ 2:1ರಲ್ಲಿ ಸೆನ್ಸರ್ ಮೇಲೆ ಅದು ನಾಲ್ಕು ಮೈಕ್ರಾನ್, ಅಂದರೆ ಹೊಸ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್‌ಗಿಂತ ಹೆಚ್ಚು. ಎಲ್‌ಇಡಿ ದೀಪದ ಬೆಳಕಿನಲ್ಲಿ ಎಕ್ಸ್‌ಪೋಷರ್ ಸೆಕೆಂಡಿನ ದೊಡ್ಡ ಭಾಗವನ್ನೇ ತೆಗೆದುಕೊಳ್ಳುತ್ತಿತ್ತು, ಅಷ್ಟರಲ್ಲಿ ಯಾರಾದರೂ ಕೋಣೆಯಲ್ಲಿ ನಡೆದರೂ ನೆಲದ ಕಂಪನ ಚಿತ್ರಕ್ಕೆ ಬರುತ್ತಿತ್ತು. ಎಫ್/11ರಲ್ಲೂ ಈ ಕಂಪನ ಇದ್ದೇ ಇತ್ತು, ವಿವರ್ತನೆಯ ಮಸುಕು ಅದನ್ನು ಮುಚ್ಚಿಟ್ಟಿತ್ತು. ದೀಪ ತೆಗೆದು ಫ್ಲ್ಯಾಷ್ ಹಾಕಿ ಅದರ ಶಕ್ತಿಯನ್ನು ಕೆಳಗಿಳಿಸಿದೆವು. ಸಣ್ಣ ಫ್ಲ್ಯಾಷ್‌ಗಳು ಕಡಿಮೆ ಶಕ್ತಿಯಲ್ಲಿ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗ ಅಥವಾ ಅದಕ್ಕೂ ಕಡಿಮೆ ಹೊತ್ತು ಉರಿಯುತ್ತವೆ. ಆ ಗಳಿಗೆಯಲ್ಲಿ ಕಂಪನಕ್ಕೆ ದೂರ ಸಾಗಲು ಸಮಯವೇ ಇರುವುದಿಲ್ಲ. ಹಂತ ಹಂತವಾಗಿ ಫೋಕಸ್ ಸರಿಸುವ ರೇಲ್ ಸರಿದ ಮೇಲೆ ಎರಡು ಮೂರು ಸೆಕೆಂಡು ಕಾದು, ಮೊದಲ ಪರದೆ ಎಲೆಕ್ಟ್ರಾನಿಕ್ ಆಗಿದ್ದು ಶುರುವಿನಲ್ಲಿ ಅದುರದ ಶಟರ್‌ನಲ್ಲಿ ತೆಗೆದಾಗ ಜೋಡಿ ಅಂಚುಗಳು ಮಾಯವಾದವು. ಪೂರ್ತಿ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಹಲವು ಕ್ಯಾಮೆರಾಗಳು ಫ್ಲ್ಯಾಷ್ ಹಾರಿಸುವುದಿಲ್ಲವಾದ್ದರಿಂದ ಈ ಮಧ್ಯದ ದಾರಿ.

ಸಂಯೋಜಿಸಿದ ಚಿತ್ರದಲ್ಲಿ ಹುರುಪೆಗಳ ತುದಿಯ ಹಲ್ಲುಗಳು ಒಂದೊಂದಾಗಿ ಎಣಿಸುವಂತೆ ಬಂದವು. ಹಳೆಯ ಲೆನ್ಸ್, ಅದೇ ವರ್ಧನೆ.

ಏಣುಗಳಿಗೆ ಬೇರೆ ದಾರಿ

ಹುರುಪೆಯ ಉದ್ದದ ಏಣುಗಳು ಒಂದರಿಂದ ಎರಡು ಮೈಕ್ರಾನ್ ಅಂತರದಲ್ಲಿ ಇರುವುದು ಸಾಮಾನ್ಯ. ನಮ್ಮ ಲೆನ್ಸ್ ಎಫ್/4ರಲ್ಲಿ 3.3 ಮೈಕ್ರಾನ್‌ಗಿಂತ ಕೆಳಗೆ ಇಳಿಯಲಾರದು. 100 ಮೆಗಾಪಿಕ್ಸೆಲ್, 200 ಮೆಗಾಪಿಕ್ಸೆಲ್ ಸೆನ್ಸರ್ ತಂದರೂ ಆ ಏಣುಗಳು ಕಾಣುವುದಿಲ್ಲ, ಏಕೆಂದರೆ ಅವುಗಳ ಸುದ್ದಿ ಲೆನ್ಸ್ ದಾಟಿ ಒಳಗೆ ಬಂದೇ ಇಲ್ಲ. ಬೇಕಾಗಿರುವುದು ಹೆಚ್ಚು ಅಗಲದ ಶಂಕು, ಅಂದರೆ ದೊಡ್ಡ ನ್ಯೂಮರಿಕಲ್ ಅಪರ್ಚರ್.

ಈ ಕೆಲಸಕ್ಕೆ ಮ್ಯಾಕ್ರೊ ಛಾಯಾಗ್ರಾಹಕರು ಬಹುಕಾಲದಿಂದ ನೆಚ್ಚಿಕೊಂಡಿರುವುದು ಮಿಟುಟೊಯೊ ಕಂಪನಿಯ 10 ಪಟ್ಟು ವರ್ಧನೆಯ ಸೂಕ್ಷ್ಮದರ್ಶಕ ಆಬ್ಜೆಕ್ಟಿವ್ (ವಸ್ತುವಿನ ಕಡೆಗಿರುವ ಲೆನ್ಸ್). ಅದರ ನ್ಯೂಮರಿಕಲ್ ಅಪರ್ಚರ್ 0.28. ಮಾದರಿಯಿಂದ 3 ಸೆಂಟಿಮೀಟರಿಗೂ ಹೆಚ್ಚು ದೂರದಲ್ಲಿ ನಿಂತು ಕೆಲಸ ಮಾಡುವುದರಿಂದ ನಡುವೆ ಬೆಳಕು ಹಾಯಿಸಲು ಜಾಗ ಸಿಗುತ್ತದೆ. ಅನಂತಕ್ಕೆ ಫೋಕಸ್ ಮಾಡಿದ 200 ಮಿ.ಮೀ. ಲೆನ್ಸ್‌ನ ಮುಂದೆ ಕೂರಿಸಿದರೆ ಸರಿಯಾಗಿ 10 ಪಟ್ಟು ಸಿಗುತ್ತದೆ. ಅಬ್ಬೆಯ ಲೆಕ್ಕದಲ್ಲಿ ಇದರ ಮಿತಿ ವಸ್ತುವಿನ ಮೇಲೆ ಸುಮಾರು 1 ಮೈಕ್ರಾನ್.

ಆಬ್ಜೆಕ್ಟಿವ್ ಅನ್ನು ಎರವಲು ತಂದು ಹಳೆಯ 24 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ ಬೇಕೆಂದೇ ಜೋಡಿಸಿದೆವು. 10 ಪಟ್ಟಿನಲ್ಲಿ ಅದರ 6 ಮೈಕ್ರಾನ್ ಪಿಕ್ಸೆಲ್ ವಸ್ತುವಿನ ಮೇಲೆ 0.6 ಮೈಕ್ರಾನ್ ಆಗುತ್ತದೆ, 1.2 ಮೈಕ್ರಾನ್ ಅಂತರದವರೆಗಿನ ಗೆರೆಜೋಡಿ ಹಿಡಿಯಲು ಅಷ್ಟು ಸಾಕು. ಚೌಕಟ್ಟಿನ ನಡುಭಾಗದಲ್ಲಿ ಹುರುಪೆಗಳ ಏಣುಗಳು ಸಾಲುಸಾಲಾಗಿ ಬಂದವು. 61 ಮೆಗಾಪಿಕ್ಸೆಲ್ ಕ್ಯಾಮೆರಾ ಮತ್ತು ಮ್ಯಾಕ್ರೊ ಲೆನ್ಸ್ ಸೇರಿ ಎಂದೂ ತೋರಲಾಗದ್ದನ್ನು ಮಾರಾಟಕ್ಕೆ ಇಟ್ಟಿದ್ದ ಹಳೆಯ ಕ್ಯಾಮೆರಾ ತೋರಿಸಿತು. ಹೊಸ ಕ್ಯಾಮೆರಾವನ್ನು ಅದೇ ಆಬ್ಜೆಕ್ಟಿವ್‌ಗೆ ಹಾಕಿ ನೋಡಿದಾಗ ಏಣುಗಳು ಇನ್ನೊಂದಿಷ್ಟು ನಯವಾದವು, ಹೊಸದಾಗಿ ಏನೂ ಹುಟ್ಟಲಿಲ್ಲ. ಬೆಲೆ ತೆರಬೇಕಾದದ್ದು ಬೇರೆ ಕಡೆ: ಸ್ಪಷ್ಟತೆಯ ಆಳ ಬರೀ 7 ಮೈಕ್ರಾನ್, ಚೌಕಟ್ಟಿಗೆ ಬರುವ ರೆಕ್ಕೆ 3.6 ಮಿ.ಮೀ. ಅಗಲ, ಫುಲ್ ಫ್ರೇಮ್‌ನ ಮೂಲೆಗಳು ಮಸುಕು. ಒಂದು ಹುರುಪೆಯ ಗುಂಪಿಗೆ ನೂರಾರು ಚಿತ್ರಗಳ ಸ್ಟ್ಯಾಕ್ ಬೇಕಾಗುತ್ತದೆ. ಎಲ್ಲ ಮಾದರಿಗಳಿಗೂ ಇದನ್ನು ಮಾಡಲಾಗದು, ಮಾಡಬೇಕಾಗಿಯೂ ಇಲ್ಲ.

ಸಣ್ಣ ಪಿಕ್ಸೆಲ್ ಕೊಟ್ಟ ಇತರ ಲಾಭಗಳು

ಹೊಸ ಕ್ಯಾಮೆರಾದ ಪರವಾಗಿ ಇನ್ನೂ ಒಂದು ಮಾತು ಇದೆ. ಮೇಲಿನ ಲೆಕ್ಕವೆಲ್ಲ ಪ್ರತಿ ಪಿಕ್ಸೆಲ್ ಎಲ್ಲ ಬಣ್ಣವನ್ನೂ ಅಳೆಯುತ್ತದೆ ಎಂಬಂತೆ ಮಾಡಿದ್ದು. ಬ್ರೈಸ್ ಬೇಯರ್ ರೂಪಿಸಿ 1976ರಲ್ಲಿ ಪೇಟೆಂಟ್ ಪಡೆದ ಬಣ್ಣದ ಜಾಲರಿಯಲ್ಲಿ ಅರ್ಧದಷ್ಟು ಪಿಕ್ಸೆಲ್‌ಗಳು ಹಸಿರನ್ನು, ಕಾಲುಭಾಗ ಕೆಂಪನ್ನು, ಕಾಲುಭಾಗ ನೀಲಿಯನ್ನು ಅಳೆಯುತ್ತವೆ. ಉಳಿದದ್ದು ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ಕಟ್ಟಿದ ಅಂದಾಜು. ಕೆಂಪು ಮತ್ತು ನೀಲಿಗೆ ಹಳೆಯ ಸೆನ್ಸರ್‌ನ ಮಿತಿ 84 ಜೋಡಿಯಲ್ಲ, ಅದರ ಅರ್ಧ, 42. ಎಫ್/8ರಲ್ಲೂ ವಿವರ್ತನೆ 76 ಜೋಡಿಯವರೆಗೆ ವಿವರ ಒಳಬಿಡುತ್ತದೆ. ಹೀಗಾಗಿ ರೆಕ್ಕೆಯ ಅಂಚಿನ ಬಿಳಿ ಕೂದಲುಗಳಲ್ಲಿ ಹಳೆಯ ಕ್ಯಾಮೆರಾ ಕೆಂಪು, ನೀಲಿ ಚುಕ್ಕೆಗಳನ್ನು ಸೇರಿಸುತ್ತಿತ್ತು. ಹೊಸದರಲ್ಲಿ ಆ ಸುಳ್ಳು ಬಣ್ಣ ಬಹುಪಾಲು ಇಲ್ಲವಾಯಿತು. ಹುರುಪೆಗಳ ಬಣ್ಣವನ್ನೇ ದಾಖಲಿಸಬೇಕಾದ ಕೆಲಸದಲ್ಲಿ ಇದು ಸಣ್ಣ ಲಾಭವಲ್ಲ. ಪಿಕ್ಸೆಲ್ ಅಗಲ ಮತ್ತು ಲೆನ್ಸ್ ಎರಡನ್ನೇ ಹಿಡಿದು ವಾದಿಸುವವರು ಈ ಬಣ್ಣದ ಜಾಲರಿಯನ್ನು ಮರೆಯುತ್ತಾರೆ.

ಸಣ್ಣ ಪಿಕ್ಸೆಲ್ ಎಂದರೆ ಹೆಚ್ಚು ನಾಯ್ಸ್, ಅಂದರೆ ಚಿತ್ರದಲ್ಲಿ ಹೆಚ್ಚು ಕಾಳುಕಾಳು, ಎಂಬ ಭಯವೂ ಅವರಿಗಿತ್ತು. ಒಂದು ಪಿಕ್ಸೆಲ್‌ನ ವಿಸ್ತೀರ್ಣ ಎರಡೂವರೆ ಪಟ್ಟು ಕಡಿಮೆ, ಬೆಳಕೂ ಅಷ್ಟೇ ಕಡಿಮೆ ಎಂಬುದು ನಿಜ. ಎರಡೂ ಚಿತ್ರಗಳನ್ನು ಒಂದೇ ಗಾತ್ರದಲ್ಲಿ ಮುದ್ರಿಸಿದಾಗ ಅಂಥ ವ್ಯತ್ಯಾಸ ಉಳಿಯಲಿಲ್ಲ, ಏಕೆಂದರೆ ಸೆನ್ಸರ್‌ಗೆ ಬಿದ್ದ ಒಟ್ಟು ಬೆಳಕು ಒಂದೇ.

ಈಗಿನ ಏರ್ಪಾಡು ಹೀಗಿದೆ. ರೆಕ್ಕೆಯ ಸಾಮಾನ್ಯ ದಾಖಲೆಗೆ ಹೊಸ ಕ್ಯಾಮೆರಾ, ಹಳೆಯ ಮ್ಯಾಕ್ರೊ ಲೆನ್ಸ್, 2:1, ನಡುಭಾಗ ಮುಖ್ಯವಾದಾಗ ಎಫ್/4, ಮೂಲೆಗಳೂ ಬೇಕಾದಾಗ ಎಫ್/5.6. ಆಯ್ದ ಹುರುಪೆಗಳಿಗೆ ಆಬ್ಜೆಕ್ಟಿವ್ ಮತ್ತು ಹಳೆಯ ಕ್ಯಾಮೆರಾ, ಒಮ್ಮೆ ಜೋಡಿಸಿದ್ದನ್ನು ಕಳಚದೆ ಹಾಗೆಯೇ ಇಡಲಾಗಿದೆ. ಲೆನ್ಸ್ ಮಾರಾಟದ ಯೋಚನೆ ಬಿಟ್ಟರು. ಪ್ರತಿ ಚಿತ್ರದ ಮಾಹಿತಿಯಲ್ಲಿ ಮೆಗಾಪಿಕ್ಸೆಲ್ ಬರೆಯುತ್ತಿದ್ದ ಜಾಗದಲ್ಲಿ ಈಗ ಮೂರು ಸಂಖ್ಯೆಗಳಿವೆ: ವರ್ಧನೆ, ಪರಿಣಾಮಕಾರಿ ಎಫ್ ಸಂಖ್ಯೆ, ವಸ್ತುವಿನ ಮೇಲೆ ಒಂದು ಪಿಕ್ಸೆಲ್‌ನ ಅಗಲ ಮೈಕ್ರಾನ್‌ಗಳಲ್ಲಿ. ಹಿಂದಿನ ಸಂಗ್ರಹದಲ್ಲಿ ಎಫ್/11ರಲ್ಲಿ ತೆಗೆದವುಗಳನ್ನು ಬೇರ್ಪಡಿಸಲಾಗಿದೆ. ಅವುಗಳಲ್ಲಿ ಹುರುಪೆಯ ತುದಿ ಗುರುತಿಸುವಿಕೆಗೆ ಬೇಕಾದ ಮಾದರಿಗಳನ್ನು ಮಾತ್ರ ಮತ್ತೆ ತೆಗೆಯುವ ಕೆಲಸ ನಡೆಯುತ್ತಿದೆ. ರೆಕ್ಕೆಯ ಒಟ್ಟು ಬಣ್ಣ, ನಾಳಗಳ ವಿನ್ಯಾಸಕ್ಕಷ್ಟೇ ಬಳಕೆಯಾಗುವ ಚಿತ್ರಗಳಿಗೆ ಎಫ್/11 ಸಾಕಾಗಿತ್ತು. ಅವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ.